ಬೈಪಾಸ್ ಆದವರಿಗೆ ಗರ್ಭನಿರೋಧಕ: ಕಲಬುರಗಿಯ ಒಂದು ಸಮಾಲೋಚನಾ ಕೊಠಡಿಯ ವಿಮರ್ಶೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಗಳೊಬ್ಬಳು ಗರ್ಭನಿರೋಧಕದ ಸಲಹೆ ಕೇಳಲು ಬಂದರೆ, ಎದುರಿಗೆ ಕುಳಿತವರು ಮೊದಲು ಕೇಳಬೇಕಾದ ಪ್ರಶ್ನೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದು. ಕಲಬುರಗಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನನಗೆ ಈ ಪ್ರಶ್ನೆಯೇ ಬರಲಿಲ್ಲ. ತೂಕ ಮತ್ತು ರಕ್ತದೊತ್ತಡ ನೋಡಿ, ದಿನಕ್ಕೊಂದು ನುಂಗುವ ಗುಳಿಗೆಯ ಚೀಟಿ ಬರೆದು ಕಳುಹಿಸಿದರು. ಅದೇ ಊರಿನ ಸರ್ಕಾರಿ ಆಸ್ಪತ್ರೆಯೊಂದರ ಕುಟುಂಬ ಕಲ್ಯಾಣ ಸಮಾಲೋಚನಾ ಕೊಠಡಿಯಲ್ಲಿ ಹೆಸರು, ವಯಸ್ಸು, ಮಕ್ಕಳೆಷ್ಟು ಎಂದು ಬರೆದುಕೊಂಡ ಕೂಡಲೇ ಆ ಪ್ರಶ್ನೆ ಬಂತು. ಈ ಬರಹ ಆ ಕೊಠಡಿಯ ಸೇವೆಯನ್ನು ಕುರಿತದ್ದು.

ನಮ್ಮ ಕಡೆಯ ಅನೇಕರಂತೆ ನಾನೂ ತೂಕ ಇಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಹೈದರಾಬಾದಿನಲ್ಲಿ ಮಾಡಿಸಿಕೊಂಡೆ. ಅಲ್ಲಿಂದ ಕೊಟ್ಟ ಡಿಸ್ಚಾರ್ಜ್ ಸಾರಾಂಶದಲ್ಲಿ ಪ್ರೋಟೀನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ ಇವುಗಳಿಗೆ ಒಂದಿಡೀ ಪುಟ ಮೀಸಲಾಗಿತ್ತು; ಗರ್ಭಧಾರಣೆಯ ವಿಷಯಕ್ಕೆ ಸಿಕ್ಕಿದ್ದು ಒಂದೇ ಸಾಲು, ಒಂದೂವರೆ ವರ್ಷ ಮುಂದೂಡಿ ಎಂದು. ಹೇಗೆ ಮುಂದೂಡಬೇಕು ಎಂಬುದು ಅದರಲ್ಲಿರಲಿಲ್ಲ. ತೂಕ ವೇಗವಾಗಿ ಇಳಿಯುವ ಮೊದಲ 12ರಿಂದ 18 ತಿಂಗಳಲ್ಲಿ ತಾಯಿಯ ದೇಹದಲ್ಲೇ ಪೋಷಕಾಂಶಗಳ ಕೊರತೆ ಇರುವುದರಿಂದ ಆ ಅವಧಿಯಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ತೊಡಕೆಂದರೆ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದೂ ಅದೇ ಅವಧಿಯಲ್ಲಿ. ಪಿಸಿಒಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ತೊಂದರೆ, ಇದ್ದು ಮುಟ್ಟು ಏರುಪೇರಾಗಿದ್ದವರಿಗೆ ತೂಕ ಇಳಿದಂತೆ ಅಂಡೋತ್ಪತ್ತಿ ಮತ್ತೆ ಶುರುವಾಗುತ್ತದೆ, ಕೆಲವರಿಗೆ ಕೆಲವೇ ತಿಂಗಳಲ್ಲಿ. ‘ಮೊದಲನೇದಕ್ಕ ಅಷ್ಟು ವರ್ಷ ಕಾದಾಕಿಗೆ ಈಗ ಗುಳಿಗಿ ಯಾಕ ಬೇಕವ್ವಾ?’ ಎಂದು ಮನೆಯ ಹಿರಿಯರು ಕೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಏಕೆಂದರೆ ಹೀಗಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಮಾಲೋಚಕಿ ನನ್ನ ಕೇಸ್ ಪೇಪರಿನ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಹೊಟ್ಟೆಯ ಎರಡು ಚಿತ್ರ ಬರೆದರು. ಒಂದು ಸ್ಲೀವ್, ಅಂದರೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಕೊಳವೆಯಂತೆ ಮಾಡುವುದು. ಇನ್ನೊಂದು ಬೈಪಾಸ್, ಅಂದರೆ ಜಠರವನ್ನು ಸಣ್ಣ ಚೀಲವಾಗಿಸಿ, ಸಣ್ಣ ಕರುಳಿನ ಮೇಲ್ಭಾಗವನ್ನು ಬಿಟ್ಟು ಕೆಳಗಿನ ಭಾಗಕ್ಕೆ ಜೋಡಿಸುವುದು. ಎರಡನೆಯ ಚಿತ್ರದಲ್ಲಿ ಬಿಟ್ಟುಹೋದ ಕರುಳಿನ ಮೇಲೆ ಗೆರೆ ಎಳೆದು, ನುಂಗಿದ ಗುಳಿಗೆಗೆ ಈ ದಾರಿ ಇನ್ನಿಲ್ಲ, ಆದ್ದರಿಂದ ಅದರ ಹಾರ್ಮೋನು ರಕ್ತಕ್ಕೆ ಪೂರ್ತಿ ಸೇರುತ್ತದೆಂಬ ಭರವಸೆಯಿಲ್ಲ ಎಂದು ವಿವರಿಸಿದರು. ಆ ಚೀಟಿಯನ್ನು ಈಗಲೂ ಫೈಲಿನಲ್ಲಿಟ್ಟುಕೊಂಡಿದ್ದೇನೆ. ಯಾರಿಗೆ ಯಾವ ಗರ್ಭನಿರೋಧಕ ಹೊಂದುತ್ತದೆಂದು ತಿಳಿಸುವ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅರ್ಹತಾ ಮಾನದಂಡಗಳೂ ಇದನ್ನೇ ಹೇಳುತ್ತವೆ: ಹೀರಿಕೆಯನ್ನು ಕುಗ್ಗಿಸುವ ಶಸ್ತ್ರಚಿಕಿತ್ಸೆ ಆದವರಿಗೆ ಗರ್ಭನಿರೋಧಕ ಗುಳಿಗೆಗಳು ಮೂರನೆಯ ವರ್ಗಕ್ಕೆ ಸೇರುತ್ತವೆ, ಅಂದರೆ ಪ್ರಯೋಜನಕ್ಕಿಂತ ತೊಂದರೆಯೇ ಸಾಮಾನ್ಯವಾಗಿ ಹೆಚ್ಚು. ಸ್ಲೀವ್ ಆದವರಿಗೆ ಅಲ್ಲಿ ಅಂಥ ತಡೆಯಿಲ್ಲವಾದರೂ, ಬ್ರಿಟನ್ನಿನ ತಜ್ಞರು ಇಂಥ ಯಾವ ಶಸ್ತ್ರಚಿಕಿತ್ಸೆಯ ನಂತರವೂ ಗುಳಿಗೆಗಿಂತ ಬೇರೆ ವಿಧಾನವೇ ಮೇಲು ಎನ್ನುತ್ತಾರೆ. ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿಯಾದರೆ ಆ ದಿನದ ಗುಳಿಗೆ ಲೆಕ್ಕಕ್ಕಿಲ್ಲ. ಶಸ್ತ್ರಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ವಾಂತಿ ಎಷ್ಟು ಸಾಮಾನ್ಯ ಎಂಬುದು ಅನುಭವಿಸಿದವರಿಗೆ ಗೊತ್ತು. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ತುರ್ತು ಗುಳಿಗೆಯೂ ಹೊಟ್ಟೆಯ ದಾರಿಯಲ್ಲೇ ಹೋಗಬೇಕು. ಹಾಗಾಗಿ ಅಂಥ ಸಂದರ್ಭ ಬಂದರೆ ಐದು ದಿನಗಳೊಳಗೆ ಬಂದು ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿಕೊಳ್ಳುವುದೇ ಹೆಚ್ಚು ನಂಬಿಕೆಯ ಉಪಾಯ ಎಂದು ಅವರು ನಾನು ಕೇಳದೆಯೇ ತಿಳಿಸಿದರು.

ಆಮೇಲೆ ಸ್ಟೀಲ್ ಟ್ರೇಯೊಂದನ್ನು ಮುಂದಿಟ್ಟು ಒಂದೊಂದಾಗಿ ತೋರಿಸಿದರು. ‘ಛಾಯಾ’ ಹಾರ್ಮೋನಿಲ್ಲದ ಗುಳಿಗೆ, ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ (ಸಿಡಿಆರ್‌ಐ) ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ನಂತರ ವಾರಕ್ಕೊಮ್ಮೆ. ಆದರೆ ಅದನ್ನೂ ನುಂಗಲೇಬೇಕಾದ್ದರಿಂದ ಪಕ್ಕಕ್ಕಿಟ್ಟರು. ‘ಅಂತರಾ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ, ಉಚಿತ, ಕರುಳಿನ ಹಂಗಿಲ್ಲ. ಅದರ ಮೇಲೆ ನನಗೆ ಮನಸ್ಸಾಗಿತ್ತು. ಆದರೆ ಅದು ಬಳಕೆಯ ಕಾಲದಲ್ಲಿ ಮೂಳೆಯ ಸಾಂದ್ರತೆಯನ್ನು ತಗ್ಗಿಸುತ್ತದೆ, ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮೊದಲೇ ಸರಿಯಾಗಿ ಸೇರುವುದಿಲ್ಲ, ಕೆಲವರಿಗೆ ತೂಕವೂ ಏರುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಇಳಿಸಿಕೊಂಡ ತೂಕವನ್ನು ಸೂಜಿಯ ಮೂಲಕ ಮರಳಿ ತಂದುಕೊಳ್ಳುವ ಉತ್ಸಾಹ ನನಗಿರಲಿಲ್ಲ. ಜೊತೆಗೆ, ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗಬಹುದು. ಮುಂದೆ ಎರಡನೆಯ ಮಗು ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಳಿದದ್ದು ನಮ್ಮ ಜನ ವಂಕಿ ಎನ್ನುವ ಕಾಪರ್-ಟಿ. 380ಎ ಎಂಬುದು 10 ವರ್ಷ, 375 ಎಂಬುದು 5 ವರ್ಷ ಕೆಲಸ ಮಾಡುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ, ತೆಗೆಸಿದ ಕೂಡಲೇ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಅದು ಕೈಕೊಡುತ್ತದೆ. ದಿನದ ಗುಳಿಗೆ, ಆರೋಗ್ಯವಂತರ ಸಾಮಾನ್ಯ ಬಳಕೆಯಲ್ಲೇ, ಸುಮಾರು ಏಳು ಮಂದಿಗೆ ಕೈಕೊಡುತ್ತದೆ. ಆದರೆ ವಂಕಿ ಹಾಕಿದ ಮೊದಲ ತಿಂಗಳುಗಳಲ್ಲಿ ಮುಟ್ಟಿನ ರಕ್ತಸ್ರಾವ ಹೆಚ್ಚುತ್ತದೆ. ಕಬ್ಬಿಣ ಮುಖ್ಯವಾಗಿ ಹೀರಲ್ಪಡುವುದು ಬೈಪಾಸಿನಲ್ಲಿ ಬಿಟ್ಟುಹೋದ ಆ ಮೇಲ್ಭಾಗದ ಕರುಳಿನಲ್ಲೇ ಆದ್ದರಿಂದ ರಕ್ತಹೀನತೆ ನಮ್ಮಂಥವರ ಬೆನ್ನಿಗೇ ಇರುತ್ತದೆ. ಸಮಾಲೋಚಕಿ ಹಿಮೋಗ್ಲೋಬಿನ್ ಜೊತೆಗೆ ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ವರದಿಯನ್ನೂ ಕೇಳಿದರು, ಎರಡೂ ಕಡಿಮೆ ಇದ್ದುದನ್ನು ಕಂಡರು, ಮತ್ತು ತಮ್ಮಲ್ಲಿ ಉಚಿತವಾಗಿರುವ ವಸ್ತುವನ್ನೇ ದಾಟಿಸಿಬಿಡದೆ, ತಮ್ಮಲ್ಲಿಲ್ಲದ ಹಾರ್ಮೋನ್ ವಂಕಿಯನ್ನು ವಿಚಾರಿಸುವಂತೆ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದರು. ನನ್ನ ಲೆಕ್ಕದಲ್ಲಿ ಈ ಸೇವೆಗೆ ಪೂರ್ಣ ಅಂಕ ಸಿಗುವುದು ಇಲ್ಲಿಯೇ.

ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನು ತುಂಬಿದ ಆ ವಂಕಿ ಅದನ್ನು ಗರ್ಭಕೋಶದೊಳಗೇ ಅಲ್ಪಸ್ವಲ್ಪವಾಗಿ ಬಿಡುತ್ತದೆ, ರಕ್ತಸ್ರಾವವನ್ನು ತಗ್ಗಿಸುತ್ತದೆ. ಕೆಲವರಿಗೆ ಮುಟ್ಟೇ ನಿಲ್ಲುತ್ತದೆ, ಅದು ಕಾಯಿಲೆಯಲ್ಲ. ಹಾಕುವಾಗಿನ ನೋವು ಗಟ್ಟಿಯಾಗಿಯೇ ಇತ್ತು, ಆದರೆ ಬೇಗ ಮುಗಿಯಿತು. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ಕಾಣಿಸಿಕೊಳ್ಳುತ್ತಿದ್ದ ರಕ್ತದ ಕಲೆ ಕಿರಿಕಿರಿಯೇ, ಪೂಜೆ-ಪುನಸ್ಕಾರಗಳ ಮನೆಯಲ್ಲಂತೂ ಇನ್ನಷ್ಟು. ಬೆಲೆ ಕಂಪನಿಯ ಮೇಲೆ ಹೋಗಿ ಕೆಲವು ಸಾವಿರ ರೂಪಾಯಿ. ಉಚಿತ ಸೇವೆಗೆಂದು ಬಂದವರಿಗೆ ಇದು ಸಣ್ಣ ಮಾತಲ್ಲ. ತೋಳಿನ ಚರ್ಮದಡಿ ಇಡುವ, ಮೂರು ವರ್ಷ ಬಾಳುವ ಇಂಪ್ಲಾಂಟ್ ಕೂಡ ಕರುಳಿನ ತಂಟೆಗೆ ಹೋಗದ ವಿಧಾನವೇ ಆಗಿದ್ದು, ನಾನು ಹೋದಾಗ ಆ ಕೊಠಡಿಯಲ್ಲಿ ಅದರ ಚಿತ್ರ ಮಾತ್ರ ಇತ್ತು.

ದೂರುಗಳೂ ಇವೆ. ಕೊಠಡಿಗೆ ಬಾಗಿಲಿನ ಬದಲು ಹಸಿರು ಪರದೆ ಇದೆ, ಅದರಾಚೆ ಬಾಣಂತಿಯರ ಸಾಲು ಕುಳಿತಿರುತ್ತದೆ. ಒಳಗಿನ ಮಾತು ಹೊರಗೆ ಸಲೀಸಾಗಿ ಕೇಳಿಸುತ್ತದೆ. ಒಂದೇ ಮಗುವೆಂದು ತಿಳಿದ ನರ್ಸ್ ಒಬ್ಬರು ‘ಯಜಮಾನ್ರು ಒಪ್ಯಾರೇನು?’ ಎಂದು ಎಲ್ಲರೆದುರು ವಿಚಾರಿಸಿದರು. ತಾತ್ಕಾಲಿಕ ವಿಧಾನಕ್ಕೆ ಗಂಡನ ಸಹಿ ಬೇಕಾಗಿಲ್ಲ ಎಂದು ಸಮಾಲೋಚಕಿಯೇ ಅವರನ್ನು ತಡೆದರು. ಮಧ್ಯಾಹ್ನದ ನಂತರ ಹೋದರೆ ಅವರು ಸಿಗುವುದು ಅನುಮಾನ, ಮತ್ತು ಅವರು ರಜೆಯಲ್ಲಿದ್ದ ದಿನ ಅದೇ ಕುರ್ಚಿಯಲ್ಲಿ ಕುಳಿತವರು ಹೊಟ್ಟೆಯ ಚಿತ್ರ ಬರೆಯುತ್ತಾರೆಂದು ನಾನು ಖಾತ್ರಿ ಕೊಡಲಾರೆ. ಆದ್ದರಿಂದ ಹೋಗುವವರು ಡಿಸ್ಚಾರ್ಜ್ ಸಾರಾಂಶದಲ್ಲಿ ಶಸ್ತ್ರಚಿಕಿತ್ಸೆಯ ಹೆಸರಿರುವ ಪುಟ ಮತ್ತು ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ಜೊತೆಗೊಯ್ಯಬೇಕು, ಅವರು ಕೇಳದಿದ್ದರೆ ತಾವೇ ಮೇಜಿನ ಮೇಲಿಡಬೇಕು. ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೋಗಿಬರುವುದು ಲೇಸು, ಏಕೆಂದರೆ ವಂಕಿಯನ್ನು ಮೊದಲೇ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ.