ಒಂದು ಕಾರಿನ ತಂಡವೋ, ಎರಡು ಕಾರಿನದೋ?

ರೇಸಿಂಗ್ ತಂಡ ಕಟ್ಟುವವರಿಗೆ ಶುರುವಿನಲ್ಲೇ ಎದುರಾಗುವ ಪ್ರಶ್ನೆ ಇದು. ಫಾರ್ಮುಲಾ ಒನ್‌ನಲ್ಲಿ ಆಯ್ಕೆಯೇ ಇಲ್ಲ, ಎರಡು ಕಾರು ಇಳಿಸಲೇಬೇಕು. ಕೆಳಹಂತದ ಹಲವು ಸರಣಿಗಳಲ್ಲಿ ನಿರ್ಧಾರ ನಿಮ್ಮದು.

ಎರಡು ಕಾರಿದ್ದರೆ ಮಾಹಿತಿ ಜಾಸ್ತಿ. ಒಂದೇ ತಿರುವಿನಲ್ಲಿ ಒಬ್ಬ ಎಲ್ಲಿ ಬ್ರೇಕ್ ಒತ್ತಿದ, ಇನ್ನೊಬ್ಬ ಎಲ್ಲಿ ಒತ್ತಿದ ಅಂತ ಗ್ರಾಫಿನ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು. ಒಂದೇ ಕಾರಾದರೆ ತಪ್ಪು ಚಾಲಕನದೋ ಸಸ್ಪೆನ್ಷನ್ನಿನದೋ ಅಂತ ತಲೆ ಕೆರೆದುಕೊಳ್ಳಬೇಕು.

ಆದರೆ ತಲೆನೋವೂ ಎರಡರಷ್ಟು. 2016ರ ಸ್ಪೇನ್ ರೇಸಿನ ಮೊದಲ ಸುತ್ತಲ್ಲೇ ಮರ್ಸಿಡಿಸ್ ತಂಡದ ಚಾಲಕರಾದ ಹ್ಯಾಮಿಲ್ಟನ್, ರೋಸ್‌ಬರ್ಗ್ ಡಿಕ್ಕಿ ಹೊಡೆದುಕೊಂಡು ಇಬ್ಬರೂ ಹೊರಬಿದ್ದರು. 2020ರ ಸಖೀರ್ ರೇಸಿನಲ್ಲಿ ಅದೇ ತಂಡ ಎರಡೂ ಕಾರನ್ನು ಒಟ್ಟಿಗೆ ಪಿಟ್‌ಗೆ (ರೇಸಿನ ನಡುವೆ ಟೈರು ಬದಲಿಸುವ ಜಾಗಕ್ಕೆ) ಕರೆಸಿತು. ರೇಡಿಯೊ ಕೈಕೊಟ್ಟಿತು, ಒಬ್ಬ ಚಾಲಕ ಬೊಟಾಸ್‌ನ ಟೈರು ಇನ್ನೊಬ್ಬ ಚಾಲಕ ರಸೆಲ್ ಕಾರಿಗೆ ಹೋಯಿತು! ಅಷ್ಟು ದೊಡ್ಡ ತಂಡಕ್ಕೇ ಹೀಗಾದರೆ ಹತ್ತು ಜನರ ತಂಡದ ಗತಿ ಏನು ಹೇಳಿ?

ಬಿಡಿಭಾಗಗಳ ಖರ್ಚು ಬೇರೆ, ಅದು ಗೊತ್ತಿದ್ದದ್ದೇ.

ನನ್ನನ್ನು ಕೇಳಿದರೆ ಮೊದಲ ಸೀಸನ್‌ಗೆ ಒಂದೇ ಕಾರು ಸಾಕು. ಯಾವ ಚಕ್ರ ಯಾರ ಕೈಗೆ, ಪಿಟ್‌ಗೆ ಕರೆಯುವವರು ಯಾರು ಅನ್ನೋದು ಮೊದಲು ಪಕ್ಕಾ ಆಗಲಿ. ಎರಡನೇ ಕಾರಿಗೆ ಅದರದ್ದೇ ಎಂಜಿನಿಯರ್ ಸಿಗುವವರೆಗೆ ಸುಮ್ನೆ ಕೈಹಾಕಬೇಡಿ.