ಯುವನಿಧಿ, ಪಿಎಂ ಇಂಟರ್ನ್‌ಶಿಪ್, ನ್ಯಾಟ್ಸ್: ಮಂಡ್ಯ–ಮೈಸೂರು ಕಡೆಯವರಿಗೆ ಯಾವುದು ಗಿಟ್ಟುತ್ತೆ?

ಮೂರರ ಅರ್ಜಿಯನ್ನೂ ತುಂಬಿ ನೋಡಿದ ಮೇಲೆ ನನ್ನ ಓಟು ನ್ಯಾಟ್ಸ್‌ಗೇ, ಅಂದರೆ ಪದವೀಧರರು, ಡಿಪ್ಲೊಮಾದವರು ಕಂಪನಿಯಲ್ಲಿ ಕೆಲಸ ಕಲಿಯುವ ಕೇಂದ್ರದ ಅಪ್ರೆಂಟಿಸ್‌ಶಿಪ್‌ಗೇ. 2019ರ ನಿಯಮದ ಪ್ರಕಾರ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುವುದರಿಂದ ಪಿಎಫ್, ಇಎಸ್‌ಐ ಕಡಿತ ಇಲ್ಲ. ವರ್ಷ ಮುಗಿದರೆ ಕೇಂದ್ರ ಸರ್ಕಾರದ ಪ್ರಮಾಣಪತ್ರ ಕೈಗೆ ಬರುತ್ತದೆ.

ಪಿಎಂ ಇಂಟರ್ನ್‌ಶಿಪ್ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಆಗ 12 ತಿಂಗಳು, ತಿಂಗಳಿಗೆ 5,000 (ಸರ್ಕಾರದ್ದು 4,500, ಕಂಪನಿಯದು 500), ಸೇರಿದಾಗ ಒಂದು ಸಲ 6,000 ಇತ್ತು. ಆ ಹಂತದ ನಿಯಮದಲ್ಲಿ ವಯಸ್ಸು 21ರಿಂದ 24, ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ. ಕಂಪನಿಗಳ ಹೆಸರು ದೊಡ್ಡವು, ಅದು ನಿಜ. ಆದರೆ ಪರಊರಲ್ಲಿ ಸೀಟು ಸಿಕ್ಕರೆ 5,000 ರೂಪಾಯಿ ಪಿಜಿ ಬಾಡಿಗೆ, ಊಟಕ್ಕೇ ಸಾಲದು. ಮನೆಯಿಂದ ಹಣ ತರಿಸಿಕೊಳ್ಳಲಾಗದವರು ಇದಕ್ಕೆ ಕೈ ಹಾಕುವ ಮುಂಚೆ ಊರು ಯಾವುದು ಅಂತ ನೋಡಿಕೊಳ್ಳಬೇಕು.

ರಾಜ್ಯ ಸರ್ಕಾರದ ಯುವನಿಧಿ ನಿರುದ್ಯೋಗ ಭತ್ಯೆಯೇ ಹೊರತು ಕೆಲಸವಲ್ಲ: ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ 2 ವರ್ಷ. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು, ಎಂಎ, ಎಂಕಾಂಗೆ ಸೇರಿರಲೂಬಾರದು. ಮನೆಯಲ್ಲೇ ಇದ್ದು ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗೆ ಆಸರೆ.

ಇನ್ನು ಮೂರಕ್ಕೂ ಅಂಟಿಕೊಂಡಿರುವ ತಲೆನೋವು, ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಬೇಕಾದ ಖಾತೆಯನ್ನು ಆಧಾರ್‌ಗೆ ಜೋಡಿಸುವುದು. ಸರ್ಕಾರದ ಪಾಲು ಡಿಬಿಟಿಯಲ್ಲಿ, ಅಂದರೆ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಅದು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತದೆ ಅಂತ ನಂಬಬೇಡಿ. ಆಧಾರ್ ಆಧಾರಿತ ಪಾವತಿ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದು, ಆಮೇಲೆ ಮುಟ್ಟದೆ ಬಿಟ್ಟ ಖಾತೆಯೇ ಅಲ್ಲಿದ್ದರೆ ಹಣ ಅಲ್ಲಿಗೇ ಹೊರಡುತ್ತದೆ. ಖಾತೆ ಮುಚ್ಚಿಹೋಗಿದ್ದರೆ ವಾಪಸ್.

ಬ್ಯಾಂಕಿನಲ್ಲಿ ಕೇಳಿದರೆ 'ಆಧಾರ್ ಲಿಂಕ್ ಆಗಿದೆ' ಅಂತಾರೆ. ಅದು ಗುರುತಿನ ದಾಖಲೆಗೆ ಮಾಡುವ ಕೆವೈಸಿ ಲಿಂಕ್, ಸೀಡಿಂಗ್ ಬೇರೆ. ಆಧಾರ್ ಪೋರ್ಟಲ್‌ಗೆ ಒಟಿಪಿ ಹಾಕಿ ಹೋಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಪಕ್ಕದಲ್ಲಿ 'ಆಕ್ಟಿವ್' ಎರಡೂ ಕಾಣಬೇಕು. ಬೇರೆ ಬ್ಯಾಂಕ್ ಬಂದರೆ, ಬೇಕಾದ ಖಾತೆಯ ಶಾಖೆಗೆ ಹೋಗಿ ಡಿಬಿಟಿಗೆ ಸೀಡಿಂಗ್ ಮಾಡಿ ಅಂತಲೇ ಒಪ್ಪಿಗೆ ಪತ್ರ ಬರೆದುಕೊಡಿ. ಹಳೆಯ ಬ್ಯಾಂಕಿನಿಂದ ಬದಲಿಸುತ್ತಿದ್ದರೆ ಅದರ ಹೆಸರನ್ನೂ ಪತ್ರದಲ್ಲಿ ಬರೆಯಬೇಕು. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಇದಕ್ಕೂ ಮುಂಚೆ ಇನಿಷಿಯಲ್ ನೋಡಿ. ಮಾರ್ಕ್ಸ್ ಕಾರ್ಡಲ್ಲಿ 'ಎಸ್' ಅಂತಿದ್ದು ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿದ್ದರೆ ಪರಿಶೀಲನೆಯಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಇದು ಮನೆಮನೆಯ ಕಥೆ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದಕ್ಕಿಂತ ಅದನ್ನೇ ಆಧರಿಸಿ ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಅವಕಾಶ ಎರಡೇ ಸಲ, ಹಾಗಾಗಿ ಅಕ್ಷರ ಅಕ್ಷರ ನೋಡಿ ಕೊಡಿ.

ನ್ಯಾಟ್ಸ್ ನನಗೆ ಹಿಡಿಸಲು ಮುಖ್ಯ ಕಾರಣ ಓಡಾಟ. ಮೈಸೂರು ಕಡೆಯ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕೈಗಾರಿಕಾ ಪ್ರದೇಶಗಳಲ್ಲಿ ಸೀಟು ಹಿಡಿದರೆ ಮನೆಯೂಟ ತಪ್ಪುವುದಿಲ್ಲ. ಮಂಡ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ, ಗಂಡುಮಕ್ಕಳಿಗೆ ರೈಲಿನ ತಿಂಗಳ ಪಾಸ್. 9,000ದಲ್ಲಿ ಒಂದಿಷ್ಟು ಉಳಿಯುತ್ತದೆ.

ಆದರೆ ಒಂದಕ್ಕೆ ಸೇರಿದರೆ ಇನ್ನೊಂದರ ಬಾಗಿಲು ಮುಚ್ಚುತ್ತದೆ. ಅಪ್ರೆಂಟಿಸ್ ಮುಗಿಸಿದವರಿಗೆ ಪಿಎಂ ಇಂಟರ್ನ್‌ಶಿಪ್ ಇಲ್ಲ. ಒಂದು ವರ್ಷ ಅಥವಾ ಹೆಚ್ಚಿನ ತರಬೇತಿ, ಕೆಲಸದ ಅನುಭವ ಇರುವವರು ಅರ್ಹರಲ್ಲ ಎಂಬ ಸಾಲು ಅಪ್ರೆಂಟಿಸ್ ಪ್ರಕಟಣೆಗಳಲ್ಲೂ ಇರುತ್ತದೆ. ಅಪ್ರೆಂಟಿಸ್ ಆಗಿದ್ದುಕೊಂಡು ನಿರುದ್ಯೋಗಿ ಅಂತ ಯುವನಿಧಿ ಘೋಷಣೆ ಕೊಡುವಂತೆಯೂ ಇಲ್ಲ.

ಕಂಪನಿಗೆ ಸೇರಿದ ವಾರದಲ್ಲೇ ನ್ಯಾಟ್ಸ್ ಪೋರ್ಟಲ್‌ನಲ್ಲಿ ನಿಮ್ಮ ಒಪ್ಪಂದ ನೋಂದಣಿ ಆಗಿದೆಯಾ ನೋಡಿ. 'ಆಮೇಲೆ ಮಾಡ್ತೀವಿ' ಅಂದರೆ ಒಪ್ಪಬೇಡಿ. ಒಪ್ಪಂದ ಇಲ್ಲದೆ ದುಡಿದ ತಿಂಗಳಿಗೆ ಸರ್ಕಾರದ ಪಾಲೂ ಬರುವುದಿಲ್ಲ, ಪ್ರಮಾಣಪತ್ರದ ಲೆಕ್ಕಕ್ಕೂ ಸೇರುವುದಿಲ್ಲ.