ಬಣ್ಣ ಬದಲಾಗುವ ಹ್ಯಾಂಡಲ್ ಟೇಪ್ ಆನ್‌ಲೈನ್‌ನಲ್ಲಿ ತರಿಸುವವರು ಮೊದಲು ಇದನ್ನು ಓದಿ

ಹಳೆ ರೇಸ್ ಸೈಕಲ್ ಇಟ್ಟುಕೊಂಡಿರುವವರೇ, ದಯವಿಟ್ಟು ಓದಿ. 'ರೆಟ್ರೊ ಫೇಡ್' ಅಂತ ಹ್ಯಾಂಡಲ್ ಟೇಪ್ (ಸೈಕಲ್ ಹ್ಯಾಂಡಲ್‌ಗೆ ಸುತ್ತುವ ಪಟ್ಟಿ) ಮಾರುವ ಒಂದು ಇನ್‌ಸ್ಟಾಗ್ರಾಮ್ ಪೇಜ್ ನನ್ನಿಂದ 1,450 ರೂಪಾಯಿ ತಗೊಂಡು ಟೋಪಿ ಹಾಕಿದೆ. ದುಡ್ಡು ಹೋಗಿದ್ದಕ್ಕಿಂತ ಅವರು ಕೊಟ್ಟ ಉತ್ತರಗಳಿಗೆ ಮೈ ಉರಿಯುತ್ತಿದೆ.

ಸೈಕಲ್ ನಮ್ಮ ಸೋದರಮಾವನದು. ಬಾಗಿದ ಹ್ಯಾಂಡಲ್‌ನ ಹೀರೋ ಹಾಕ್. ಬಳ್ಳಾರಿಯಲ್ಲಿ ಇಂಥ ಹ್ಯಾಂಡಲ್‌ಗೆ ಕಪ್ಪು ಟೇಪ್ ಸಿಕ್ಕರೇ ಹೆಚ್ಚು. 80ರ ದಶಕದ ಬೆನೊಟ್ಟೊ ಕಂಪನಿಯ ಟೇಪ್‌ನ ಹೊಳಪು, ಆಮೇಲೆ ಬಂದ ಚಿನೆಲ್ಲಿ ಕಂಪನಿಯ ಕಾರ್ಕ್ ಟೇಪ್‌ನ ಬಣ್ಣಗಳು, ಇದನ್ನೆಲ್ಲ ನೋಡಿದವರಿಗೆ ನಾನು ಯಾಕೆ ಆಸೆಪಟ್ಟೆ ಅಂತ ಹೇಳಬೇಕಾಗಿಲ್ಲ. ಜಾಹೀರಾತಿನಲ್ಲಿ ಹ್ಯಾಂಡಲ್ ತುದಿ ನೇರಳೆ, ಮೇಲೆ ಬರ್ತಾ ಬರ್ತಾ ಗುಲಾಬಿ. ನೋಡೋಕೆ ಅಷ್ಟು ಚಂದ.

ಪಾರ್ಸೆಲ್ ಬಂತು. ಎರಡು ಸುರುಳಿ, ಎರಡರ ಹೊರತುದಿಯೂ ನೇರಳೆ. ಬ್ರೇಕ್ ಲಿವರ್ ಹಿಂದೆ ಹಾಕುವ ಎರಡು ತುಂಡು, ತುದಿಗೆ ಬಿರಡೆ, ಎಲ್ಲ ಇದ್ದವು. ಚೈನ್ ಇರುವ ಬದಿ, ಅಂದರೆ ಬಲಗಡೆ, ಮೊದಲು ಸುತ್ತಿದೆ. ಎಲ್ಲರೂ ಮಾಡುವ ಹಾಗೆ ಕೆಳತುದಿಯಿಂದ ಶುರು, ಒಂದರ ಮೇಲೊಂದು ಅರ್ಧ ಬರುವಂತೆ. ನೇರಳೆ ತಿಳಿಯಾಗಿ ಗುಲಾಬಿಗೆ ತಿರುಗಿತು. ಮಾವನೂ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ನೋಡ್ತಾ ಇದ್ದರು.

ಆಮೇಲೆ ಎಡಗಡೆ. ನೇರಳೆ, ನೇರಳೆ, ಲಿವರ್ ದಾಟಿದೆ, ಇನ್ನೇನು ಗುಲಾಬಿ ಬರಬೇಕು. ಬಂದಿದ್ದು ನೀಲಿ! ಮೇಲೆ ಹೋದಷ್ಟೂ ಇನ್ನೂ ನೀಲಿ. ಸೀಟಿನ ಮೇಲೆ ಕೂತರೆ ಕಣ್ಣೆದುರಿಗೇ ಬಲಕ್ಕೆ ಗುಲಾಬಿ, ಎಡಕ್ಕೆ ನೀಲಿ. "ಏನಪ್ಪಾ ಇದು, ಆ ಕಡೆ ಒಂದು ಬಣ್ಣ, ಈ ಕಡೆ ಒಂದು ಬಣ್ಣ?" ಅಂದರು ಮಾವ. ನನಗೆ ತಲೆ ಎತ್ತೋಕಾಗಲಿಲ್ಲ.

ಕೌಲ್ ಬಜಾರ್‌ನಲ್ಲಿ ಜೀನ್ಸ್ ಕೆಲಸ ಮಾಡುವ ಗೆಳೆಯನಿಗೆ ತೋರಿಸಿದೆ. ನೋಡಿದ ತಕ್ಷಣ ಹೇಳಿದ: "ಇದು ಒಂದೇ ಉದ್ದನೆ ಪಟ್ಟಿ. ನಡುವೆ ಕತ್ರಿ ಹಾಕ್ಯಾರ." ಹೌದು! ಗುಲಾಬಿಯಿಂದ ನೇರಳೆ ದಾಟಿ ನೀಲಿವರೆಗೆ ಹೋಗುವ ಪಟ್ಟಿಯನ್ನು ಮಧ್ಯಕ್ಕೆ ಕತ್ತರಿಸಿ, ಕತ್ತರಿಸಿದ ನೇರಳೆ ತುದಿ ಹೊರಗೆ ಕಾಣುವಂತೆ ಸುತ್ತಿಟ್ಟಿದ್ದಾರೆ. ಪ್ಯಾಕೆಟ್‌ನಲ್ಲಿ ಎರಡೂ ಒಂದೇ ಥರ ಕಾಣಲಿ ಅಂತಲೇ. ಅವನು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಟೇಪ್ ಉಜ್ಜಿದ. ಬಟ್ಟೆಗೆ ನೇರಳೆ ಹತ್ತಿತು. ಬಳ್ಳಾರಿ ಬಿಸಿಲಲ್ಲಿ ಅಂಗೈ ಬೆವರಿದರೆ ಏನಾಗುತ್ತೆ ನೀವೇ ಯೋಚಿಸಿ.

ಆ ಪೇಜ್‌ನವರಿಗೆ ಮೆಸೇಜ್ ಮಾಡಿದೆ. ಮೊದಲ ಉತ್ತರ: "ಅದು ಡ್ಯುಯಲ್ ಫೇಡ್ ಸರ್, ಹೊಸ ಡಿಸೈನ್." ಹಾಗಂತ ಜಾಹೀರಾತಿನಲ್ಲಿ ಎಲ್ಲಿದೆ ಅಂತ ಕೇಳಿದೆ. "ಬಲಗಡೆ ಫೋಟೊದಲ್ಲಿರುವ ಹಾಗೇ ಇದೆ ಅಲ್ವಾ ಸರ್? ಅರ್ಧ ಸರಿ ಇದ್ದಾಗ ಪೂರ್ತಿ ದುಡ್ಡು ಹೇಗೆ ವಾಪಸ್ ಕೊಡೋದು?" ಅರ್ಧ ಸರಿ ಇದೆಯಂತೆ! ಹ್ಯಾಂಡಲ್ ಟೇಪ್ ಜೋಡಿಯಲ್ಲಿ ಅರ್ಧ ಸರಿ ಅಂದರೆ ಏನು ಸ್ವಾಮಿ? ಸರಿ, ಅರ್ಧ ದುಡ್ಡಾದರೂ ಕೊಡಿ ಅಂದೆ. "ಸುತ್ತಿದ ಮೇಲೆ ರಿಟರ್ನ್ ಇಲ್ಲ." ಸುತ್ತದೆ ಒಳಗಿನ ಬಣ್ಣ ಗೊತ್ತಾಗೋದು ಹೇಗೆ? ಬಣ್ಣ ಬಿಡುವ ವಿಡಿಯೊ ಕಳಿಸಿದೆ. "ನೀರು ಯಾಕೆ ಹಾಕಿದ್ರಿ ಸರ್?" ಅಂದರು. ಅಷ್ಟೇ, ಬ್ಲಾಕ್.

ಬ್ಲಾಕ್ ಆಗುವ ಮೊದಲೇ ಅವರ ಫೋಟೊಗಳನ್ನೆಲ್ಲ ಉಳಿಸಿಕೊಂಡಿದ್ದೆ. ಈಗ ನೋಡಿದರೆ ಪ್ರತಿಯೊಂದೂ ಚೈನ್ ಇರುವ ಬದಿಯಿಂದಲೇ ತೆಗೆದದ್ದು. ಎದುರಿನಿಂದ ತೆಗೆದದ್ದು ಒಂದೂ ಇಲ್ಲ.

ಇಂಥ ಟೇಪ್ ತರಿಸುವುದಾದರೆ ಎರಡೂ ಸುರುಳಿ ಪೂರ್ತಿ ಬಿಚ್ಚಿ ಅಕ್ಕಪಕ್ಕ ಇಟ್ಟ ವಿಡಿಯೊ ಕೇಳಿ. ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ. ಪಾರ್ಸೆಲ್ ಬಂದ ಮೇಲೂ ಸುತ್ತುವ ಮೊದಲು ನೆಲದ ಮೇಲೆ ಉದ್ದಕ್ಕೆ ಬಿಚ್ಚಿ ನೋಡಿ, ಒಂದು ತುದಿ ಒದ್ದೆ ಬಟ್ಟೆಯಿಂದ ಉಜ್ಜಿ. ಮೊದಲೇ ಯುಪಿಐ ಮಾಡಿ ಅನ್ನುವ ಇಂಥ ಪೇಜ್‌ಗಳಿಗೆ ನಾನಂತೂ ಇನ್ನು ಒಂದು ರೂಪಾಯಿ ಕಳಿಸಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಯಾರಾದರೂ ಹೀಗೆ "ಡ್ಯುಯಲ್ ಫೇಡ್" ಅಂತ ಉತ್ತರ ಕೊಟ್ಟಿದ್ದರೆ ಆ ಸ್ಕ್ರೀನ್‌ಶಾಟ್ ನನಗೆ ಕಳಿಸಿ. ದೂರಿನ ಜೊತೆ ಸೇರಿಸುತ್ತೇನೆ.